ಒಪ್ಪಿಗೆಯ ಕನ್ನಡ

ಕನ್ನಡ ಮೇಷ್ಟರಿಗೂ ಹೊಸ ಔಷಧಕ್ಕೂ ಎತ್ತಣ ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವನ್ನು ಕಲ್ಪಿಸಿದ್ದು ಸರ್ಕಾರ. ಔಷಧವನ್ನು ಜನರ ಮೇಲೆ ಪರೀಕ್ಷಿಸುವ ಮುನ್ನ ನೀತಿ ಸಮಿತಿಯೊಂದು ಒಪ್ಪಬೇಕು. ಅದರಲ್ಲಿ ಕನಿಷ್ಠ 7 ಮಂದಿ ಇರಬೇಕು, ಅರ್ಧದಷ್ಟಾದರೂ ಹೊರಗಿನವರಾಗಿರಬೇಕು, ಒಬ್ಬ ಸಾಮಾನ್ಯ ಮನುಷ್ಯನೂ ಇರಬೇಕು ಎಂದು 2019ರ ನಿಯಮಗಳು ವಿಧಿಸಿವೆ. ಯಲಹಂಕದ ಕಡೆಯ ಒಂದು ಆಸ್ಪತ್ರೆಯಲ್ಲಿ ಆ ಸಾಮಾನ್ಯ ಮನುಷ್ಯ ನಾನು. ಎಂ.ಎ. ಮಾಡಿಯೂ ಸಾಮಾನ್ಯನೆಂದು ಮುದ್ರೆ ಒತ್ತಿಸಿಕೊಳ್ಳುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ!

ನನ್ನ ಪಾಲಿಗೆ ಬಂದದ್ದು ಒಪ್ಪಿಗೆ ಪತ್ರ ಓದುವ ಕೆಲಸ. ಒಂದರಲ್ಲಿ "ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು" ಎಂದಿತ್ತು. ನನಗೇ ಕಬ್ಬಿಣದ ಕಡಲೆ. ರಾಜಾನುಕುಂಟೆಯಿಂದ ಬರುವ ರೈತನ ಪಾಡೇನು? "ನಿಮಗೆ ಹೊಸ ಔಷಧ ಸಿಗುವುದೋ, ಔಷಧವೇ ಇಲ್ಲದ ಗುಳಿಗೆ ಸಿಗುವುದೋ ಚೀಟಿ ಎತ್ತಿದಂತೆ ತೀರ್ಮಾನವಾಗುತ್ತದೆ" ಎಂದು ತಿದ್ದಿಸಿದೆ.

"ಹೀಗೆ ಬರೆದರೆ ಯಾರು ಸೇರುತ್ತಾರೆ, ಸಾರ್?" ಎಂದರು ಯುವ ವೈದ್ಯರು.

ತಿಳಿದರೆ ಸೇರದವನನ್ನು ತಿಳಿಸದೆ ಸೇರಿಸಿಕೊಂಡರೆ ಅದಕ್ಕೆ ಒಪ್ಪಿಗೆಯೆಂಬ ಹೆಸರು ಸಲ್ಲದು.

ಓದು ಬಾರದವರ ಹೆಬ್ಬೆಟ್ಟಿಗೆ ಪಕ್ಷಪಾತವಿಲ್ಲದ ಸಾಕ್ಷಿ ಬೇಕು, ಪರೀಕ್ಷೆಯಿಂದ ತೊಂದರೆಯಾದರೆ ಪುಕ್ಕಟೆ ಚಿಕಿತ್ಸೆಯೂ ಪರಿಹಾರವೂ ದೊರೆಯಬೇಕು ಎನ್ನುತ್ತದೆ ಕಾನೂನು. ಆದರೆ ದೆಹಲಿಯ ಕಾನೂನು ರೋಗಿಯ ಮಂಚದವರೆಗೆ ನಡೆದು ಬರಬೇಕಾದದ್ದು ಕನ್ನಡದ ಕಾಲಿನಲ್ಲಿ. "ಯಾವಾಗ ಬೇಕಾದರೂ ಬಿಟ್ಟುಬಿಡಬಹುದು, ನಿಮ್ಮ ಚಿಕಿತ್ಸೆಗೆ ಕುಂದಿಲ್ಲ" ಎಂಬ ಸಾಲು ಎಷ್ಟೋ ಪತ್ರಗಳಲ್ಲಿ ಕೊನೆಯ ಪುಟದ ಮೂಲೆ ಸೇರಿರುತ್ತದೆ. ಅದನ್ನು ಮೊದಲ ಪುಟಕ್ಕೆ ತರಿಸುವವರೆಗೆ ನಾನು ಸಹಿ ಹಾಕುವುದಿಲ್ಲ.