ಮೋಟಾರು ಆರಿಸುವವರು ಯಾರು?

ಜಕ್ಕೂರು ಕೆರೆಯ ಕಡೆಯ ಒಂದು ಬೀದಿ. ಬೆಳಿಗ್ಗೆ ಆರೂವರೆ. ಮಹಡಿಯ ಮೇಲಿನ ಟ್ಯಾಂಕು ತುಂಬಿ, ನೀರು ಗೋಡೆಗುಂಟ ಇಳಿದು ಚರಂಡಿ ಸೇರುತ್ತಿದೆ. ಸಂಪಿನ ಮೋಟಾರು ಹಾಕಿದವಳು ದ್ವಿತೀಯ ಪಿಯುಸಿ ಮುಗಿಸಿದ ಮಗಳು. ಹಾಕಿದ ಮೇಲೆ ಪುಸ್ತಕ ಹಿಡಿದು ಕೂತವಳು ಮರೆತೇಬಿಟ್ಟಿದ್ದಾಳೆ.

'ಹಾಕೋದಕ್ಕೆ ಎಲ್ಲರೂ ಇದ್ದೀರಿ, ಆರಿಸೋದಕ್ಕೆ ಮಾತ್ರ ಯಾರೂ ಇಲ್ಲ' ಎಂದು ಗೊಣಗುತ್ತ ಅಪ್ಪ ಸ್ವಿಚ್ಚು ಆರಿಸಿದರು.

'ಅಪ್ಪಾ, ನಾನು ಓದ್ತಾ ಇದ್ದದ್ದೂ ಅದನ್ನೇ' ಎಂದಳು ಮಗಳು.

ಆ ಮನೆಯಲ್ಲಿ ಎರಡು ವಾರದಿಂದ ಮಾತು ಅಷ್ಟಕ್ಕಷ್ಟೆ. ಮಗಳು ಎಂಜಿನಿಯರಿಂಗ್ ಸೇರಲಿ ಎಂಬುದು ಅಪ್ಪನ ಆಸೆ. ಅವಳಿಗೆ ಬಿ.ಎಸ್ಸಿ. ಮಾಡಿ ಮುಂದೆ ಜೀವಕೋಶಗಳ ಬಗ್ಗೆ ಸಂಶೋಧನೆ ಮಾಡುವ ಹಂಬಲ. ಅರ್ಜಿಯ ಕಡೆಯ ದಿನಕ್ಕೆ ಇನ್ನು ನಾಲ್ಕೇ ದಿನ ಉಳಿದಿತ್ತು.

ಅವಳು ಓದುತ್ತಿದ್ದುದು ಡೈಅಸೈಲ್‌ಗ್ಲಿಸರಾಲ್ ಎಂಬ ಕೊಬ್ಬಿನ ಅಣುವಿನ ಕಥೆ. ಹೆಸರು ಬಾಯಿಗೆ ಸುಲಭವಾಗಿ ಹೊರಳದು. ವಿಜ್ಞಾನಿಗಳೇ ಅದನ್ನು ಚಿಕ್ಕದಾಗಿ 'ಡ್ಯಾಗ್' ಎನ್ನುತ್ತಾರೆ. ಪ್ರತಿ ಜೀವಕೋಶಕ್ಕೂ ಕೊಬ್ಬಿನ ತೆಳು ಪೊರೆಯೊಂದಿದೆ. ಹೊರಗಿನಿಂದ ಹಾರ್ಮೋನಿನಂಥ ಸಂದೇಶ ಬಂದು ಪೊರೆಯನ್ನು ತಟ್ಟಿದಾಗ, ಒಳಗಿನ ಒಂದು ಕಿಣ್ವ ಪೊರೆಯದೇ ಒಂದು ಅಣುವನ್ನು ಎರಡಾಗಿ ಕತ್ತರಿಸುತ್ತದೆ. ಒಂದು ತುಂಡು ಕೋಶದ ಒಳಕ್ಕೆ ಹೋಗಿ ಕ್ಯಾಲ್ಸಿಯಂ ಬಿಡುಗಡೆ ಮಾಡಿಸುತ್ತದೆ. ಪೊರೆಯಲ್ಲೇ ಉಳಿಯುವ ಇನ್ನೊಂದು ತುಂಡೇ ಡ್ಯಾಗ್. ಅದು ಬೇರೆ ಪ್ರೋಟೀನುಗಳನ್ನು ಕರೆದು ಕೆಲಸಕ್ಕೆ ಹಚ್ಚುತ್ತದೆ. ಹೀಗೆ ಕೆಲಸಕ್ಕೆ ಇಳಿಯುವ 'ಪ್ರೋಟೀನ್ ಕೈನೇಸ್ ಸಿ'ಯನ್ನು 1970ರ ದಶಕದ ಕೊನೆಯಲ್ಲಿ ಗುರುತಿಸಿದವರು ಜಪಾನಿನ ಕೋಬೆಯ ಯಾಸುಟೋಮಿ ನಿಶಿಜುಕ ಮತ್ತು ಅವರ ಸಂಗಡಿಗರು.

ಇದು ಮೋಟಾರು ಹಾಕಿದ ಕಥೆ. ಆರಿಸುವ ಕೆಲಸ ಇನ್ನೊಂದು ಕಿಣ್ವದ್ದು. ಅದರ ಹೆಸರು ಡ್ಯಾಗ್ ಕೈನೇಸ್. ಡ್ಯಾಗ್‌ನ ತಲೆಗೆ ಅದು ಒಂದು ರಂಜಕದ ಗುಂಪನ್ನು ಅಂಟಿಸುತ್ತದೆ. ಅಲ್ಲಿಗೆ ಡ್ಯಾಗ್ ಡ್ಯಾಗಾಗಿ ಉಳಿಯದೆ ಫಾಸ್ಫಾಟಿಡಿಕ್ ಆಮ್ಲವಾಗುತ್ತದೆ, ಕರೆ ನಿಲ್ಲುತ್ತದೆ. ಆ ಆಮ್ಲವೂ ವ್ಯರ್ಥವಲ್ಲ. ಅದರಿಂದಲೇ ಕೋಶವು ಹಳೆಯ ಪೊರೆಯ ಅಣುವನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ನಮ್ಮಂಥ ಸಸ್ತನಿಗಳಲ್ಲಿ ಇಂಥ ಕೈನೇಸುಗಳು 10 ಬಗೆ.

ಆರಿಸುವವನೇ ಇಲ್ಲದಿದ್ದರೆ? ಇದಕ್ಕೆ ಉತ್ತರ ಕೊಟ್ಟದ್ದು ಬಾಳೆಹಣ್ಣಿನ ಸುತ್ತ ಹಾರುವ ಪುಟ್ಟ ಹಣ್ಣುನೊಣ. ಹುಟ್ಟಿದ ಕೆಲವೇ ದಿನಗಳಲ್ಲಿ ಕಣ್ಣಿನ ಕೋಶಗಳು ನಶಿಸಿಹೋಗುವ ಒಂದು ಬಗೆಯ ನೊಣವಿದೆ. ಅದರಲ್ಲಿ ಕೆಟ್ಟಿರುವ ಜೀನು ಡ್ಯಾಗ್ ಕೈನೇಸಿನದೇ ಎಂದು 1993ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. 2000ದಲ್ಲಿ ಕೇಂಬ್ರಿಜ್‌ನ ರೋಜರ್ ಹಾರ್ಡಿಯವರ ಪ್ರಯೋಗಾಲಯದಲ್ಲಿ ರಘು ಪಡಿಂಜಾಟ್ ಮತ್ತು ಜೊತೆಗಾರರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಈ ನೊಣದ ಕಣ್ಣಿನಲ್ಲಿ, ಬೆಳಕು ಬಿದ್ದಾಗ ಮಾತ್ರ ತೆರೆಯಬೇಕಾದ ಬಾಗಿಲುಗಳು ಕತ್ತಲಲ್ಲೂ ತೆರೆದೇ ಇರುತ್ತವೆ. ಕ್ಯಾಲ್ಸಿಯಂ ಒಳಗೆ ನುಗ್ಗುತ್ತಲೇ ಇರುತ್ತದೆ. ಮುಖ್ಯವಾದ ಒಂದು ಬಗೆಯ ಬಾಗಿಲನ್ನೇ ಇಲ್ಲವಾಗಿಸಿದ ನೊಣಗಳಲ್ಲಿ ಕೋಶಗಳು ಉಳಿದುಕೊಂಡವು. ಕಣ್ಣು ಹಾಳಾದದ್ದು ಸಂದೇಶ ಬಾರದೆ ಅಲ್ಲ, ಬಂದ ಸಂದೇಶ ನಿಲ್ಲದೆ.

ಮಗಳಿಗೆ ಈ ಕಥೆ ಹತ್ತಿರವಾದದ್ದು ಸುಮ್ಮನೆ ಅಲ್ಲ. ರಘು ಅವರು ಆಮೇಲೆ ತಮ್ಮ ಪ್ರಯೋಗಾಲಯ ಕಟ್ಟಿದ್ದು ಬಳ್ಳಾರಿ ರಸ್ತೆಯ ಆಚೆ, ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್‌ನಲ್ಲಿ. ನೊಣಗಳ ತಳಿವಿಜ್ಞಾನಕ್ಕೆ ಹೆಸರಾಗಿದ್ದ ಒಬೈದ್ ಸಿದ್ದಿಕಿಯವರು ಕಟ್ಟಿ ಬೆಳೆಸಿದ ಸಂಸ್ಥೆ ಅದು. 1989ರಲ್ಲಿ ಹುಟ್ಟಿದ, ಜಕ್ಕೂರಿನಲ್ಲೇ ಇರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಗೇಟನ್ನು ಅವಳು ಚಿಕ್ಕಂದಿನಿಂದ ನೋಡಿದ್ದಾಳೆ.

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು. 'ಸರಿ ಕಣಮ್ಮ, ಇದರಿಂದ ಮನುಷ್ಯರ ಕುರುಡು ವಾಸಿಯಾಗುತ್ತಾ?'

ಹೌದು ಎಂದುಬಿಟ್ಟರೆ ಅರ್ಧ ಜಗಳ ಮುಗಿಯುತ್ತಿತ್ತು. ಮಗಳು ಹಾಗೆನ್ನಲಿಲ್ಲ. 'ಇಲ್ಲ ಅಪ್ಪ. ನಮ್ಮ ಕಣ್ಣಿನ ಕೋಶಗಳು ಬೆಳಕನ್ನು ಹಿಡಿಯುವ ದಾರಿಯೇ ಬೇರೆ. ಆದರೆ ಇದೇ ಡ್ಯಾಗ್ ನಮ್ಮ ರಕ್ತದ ಟಿ ಕೋಶಗಳಲ್ಲಿದೆ. ರೋಗದ ಮೇಲೆ ಏರಿಹೋಗು ಅಂತ ಅವಕ್ಕೆ ಹೇಳುತ್ತೆ. ಸಾಕು ಅನ್ನೋದು ಕೈನೇಸು. ಕ್ಯಾನ್ಸರ್ ವಿರುದ್ಧ ಆ ಕೋಶಗಳು ಇನ್ನಷ್ಟು ಹೊತ್ತು ಹೋರಾಡಲಿ ಅಂತ ಕೈನೇಸನ್ನು ತಡೆಯುವ ಔಷಧಗಳನ್ನು ಈಗ ರೋಗಿಗಳಲ್ಲಿ ಪರೀಕ್ಷಿಸ್ತಿದ್ದಾರೆ. ಗೆಲ್ಲುತ್ತೆ ಅಂತ ಹೇಳಲಾರೆ.'

'ಕ್ಯಾನ್ಸರಿಗೆ ಒಮ್ಮೆ ಆರಿಸಬೇಕು, ಒಮ್ಮೆ ಆರಿಸಬಾರದು ಅಂತೀಯ!' ಎಂದರು ಒಳಗಿನಿಂದ ಅಜ್ಜಿ.

ಅಜ್ಜಿಯ ಮಾತು ತಮಾಷೆಗೆ ಬಂದರೂ ಅದರಲ್ಲಿ ಹುರುಳಿತ್ತು. ಅಜ್ಜಿಯ ಕಾಲದವರಿಗೆ ಜಾಪಾಳ ಗೊತ್ತು. ತೂಕ ತಪ್ಪಿದರೆ ಹೊಟ್ಟೆಯನ್ನೇ ಕಿತ್ತು ತರುವ ಭೇದಿಯ ಬೀಜ. ಅದರ ಎಣ್ಣೆಯಲ್ಲಿರುವ ಫಾರ್ಬಾಲ್ ಎಸ್ಟರ್ ಎಂಬ ವಸ್ತು ಡ್ಯಾಗ್‌ನ ವೇಷ ಹಾಕಬಲ್ಲದು ಎಂದು 1982ರಲ್ಲಿ ನಿಶಿಜುಕ ಅವರ ತಂಡ ತೋರಿಸಿತು. ಕೋಶ ಮೋಸಹೋಗಿ ಕರೆಗೆ ಓಗೊಡುತ್ತದೆ. ಆದರೆ ಡ್ಯಾಗನ್ನು ತೆಗೆದಂತೆ ಇದನ್ನು ಬೇಗ ತೆಗೆದುಹಾಕುವ ಉಪಾಯ ಕೋಶಕ್ಕಿಲ್ಲ. ಇಲಿಗಳ ಚರ್ಮದ ಮೇಲೆ, ಕ್ಯಾನ್ಸರಿನ ಬೀಜ ಮೊದಲೇ ಬಿದ್ದ ಕಡೆ, ಈ ಎಣ್ಣೆಯನ್ನು ಮತ್ತೆ ಮತ್ತೆ ಹಚ್ಚಿದರೆ ಗಡ್ಡೆಗಳು ಬೆಳೆಯುತ್ತವೆ. ಯಾವಾಗ, ಎಲ್ಲಿ, ಎಷ್ಟು ಹೊತ್ತು ಎಂಬುದರಲ್ಲೇ ಕೋಶದ ಕ್ಷೇಮವಿದೆ.

ಅಪ್ಪ ತಮ್ಮ ಅಭಿಪ್ರಾಯ ಬದಲಿಸಲಿಲ್ಲ. ಸಂಶೋಧನೆಯ ದಾರಿ ಉದ್ದ, ಮೂವತ್ತು ದಾಟುವವರೆಗೂ ಕೆಲಸ ಖಾಯಂ ಆಗದು ಎಂಬ ಅವರ ಭಯ ಸುಳ್ಳೂ ಅಲ್ಲ. ಮಗಳ ಬಳಿ ಅದಕ್ಕೆ ಉತ್ತರವೂ ಇರಲಿಲ್ಲ. ಆದರೆ ಎರಡು ವಾರದಿಂದ ದಿನವೂ ನಡೆಯುತ್ತಿದ್ದ 'ಎಂಜಿನಿಯರಿಂಗ್ ಯಾಕೆ ಬೇಡ' ಎಂಬ ವಿಚಾರಣೆ ಅಂದು ರಾತ್ರಿ ನಡೆಯಲಿಲ್ಲ. ಊಟವಾದ ಮೇಲೆ ಅಪ್ಪ ಕೇಳಿದ್ದು ಒಂದೇ ಮಾತು: 'ಆ ಬಿ.ಎಸ್ಸಿ. ಅರ್ಜಿಗೆ ಫೀಸು ಎಷ್ಟು?'

ಮರುದಿನ ಬೆಳಿಗ್ಗೆ ಮೋಟಾರು ಹಾಕಿದವರು ಅಪ್ಪ. ಟ್ಯಾಂಕು ತುಂಬುವ ಸದ್ದು ಕೇಳಿ ಎದ್ದುಹೋಗಿ ಆರಿಸಿದವಳು ಮಗಳು.