ಹೆಸರು ಮೊದಲು, ಹೂರಣ ಆಮೇಲೆ

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಕೇಳದವರುಂಟೆ? ಕಂಪ್ಯೂಟರಿಗೂ ಇದೇ ಫಜೀತಿ ಉಂಟೆಂದು ನನಗೆ ಹೇಳಿದವಳು ಮಗಳು. ದಿನಾ ಬೆಳಿಗ್ಗೆ ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋಗುವವಳು. ರಾತ್ರಿ ಊಟಕ್ಕೆ ಕುಳಿತರೆ ನಾನು ಅನ್ನ ಬಡಿಸುತ್ತೇನೆ, ಅವಳು ಆ ದಿನದ ತಲೆನೋವನ್ನು ಬಡಿಸುತ್ತಾಳೆ.

ಅವಳು ಬರೆಯುವುದು ಪೈಥಾನ್ ಎಂಬ ಭಾಷೆಯಲ್ಲಿ. ನೆದರ್ಲೆಂಡ್ಸಿನ ಗೀಡೊ ವಾನ್ ರೋಸಮ್ 1991ರಲ್ಲಿ ಹೊರತಂದದ್ದು. ದೊಡ್ಡ ಕೆಲಸವನ್ನು ಹಲವು ಕಡತಗಳಾಗಿ ಹಂಚಿ ಬರೆಯುತ್ತಾರೆ, ಅವೇ ಮಾಡ್ಯೂಲುಗಳು. ಅವನ್ನು ಸಾಲುಸಾಲಾಗಿ ಓದಿ ನಡೆಸುವುದು ಇಂಟರ್‌ಪ್ರಿಟರ್. ಈಗ ‘ಅಡುಗೆ’ ಎಂಬ ಕಡತದ ಮೊದಲ ಸಾಲು ‘ದಿನಸಿಯನ್ನು ಕರೆ’ ಎನ್ನುತ್ತದೆ; ದಿನಸಿಯ ಮೊದಲ ಸಾಲು ‘ಅಡುಗೆಯನ್ನು ಕರೆ’ ಎನ್ನುತ್ತದೆ. ಹೀಗೆ ಕರೆಯುತ್ತಲೇ ಇದ್ದರೆ ಒಲೆ ಹತ್ತುವುದು ಯಾವಾಗ?

“ಅಲ್ಲೇ ಇರೋದು ಜಾಣತನ ಕಣಮ್ಮ” ಎಂದಳು. ಕಡತವನ್ನು ಓದುವ ಮೊದಲೇ ಇಂಟರ್‌ಪ್ರಿಟರ್ ಅದರ ಹೆಸರನ್ನು ಒಂದು ಪಟ್ಟಿಯಲ್ಲಿ ಬರೆದಿಡುತ್ತದಂತೆ. ದಿನಸಿ ತಿರುಗಿ ಅಡುಗೆಯನ್ನು ಕರೆದಾಗ ಪಟ್ಟಿಯಲ್ಲಿ ಹೆಸರಿರುತ್ತದೆ. ಮತ್ತೆ ಮೊದಲಿನಿಂದ ಓದದೆ, ಅರ್ಧ ಓದಿದ ಅಡುಗೆಯನ್ನೇ ತೋರಿಸಿ ಮುಂದೆ ಸಾಗುತ್ತದೆ. ಸುತ್ತು ಕಡಿಯಿತು. ಆದರೆ ದಿನಸಿ ಆಗಲೇ ‘ಸಾರು ಕೊಡು’ ಎಂದರೆ? ಸಾರಿನ ಸಾಲನ್ನು ಇನ್ನೂ ಓದಿಯೇ ಇಲ್ಲ. ತಪ್ಪಾಯಿತೆಂದು ಕೂಗಿ ನಿಂತುಬಿಡುತ್ತದೆ. ಅದಕ್ಕೆ ಉಪಾಯ ಎರಡು: ಕರೆಯುವ ಸಾಲನ್ನು ಮೊದಲಿನಿಂದ ತೆಗೆದು ಕೆಲಸ ಬಿದ್ದ ಜಾಗಕ್ಕೆ ಇಳಿಸುವುದು, ಇಲ್ಲವೇ ಇಬ್ಬರಿಗೂ ಬೇಕಾದ ಉಪ್ಪುಹುಳಿಯನ್ನು ಮೂರನೆಯ ಕಡತದಲ್ಲಿಟ್ಟು ಅಲ್ಲಿಂದಲೇ ತೆಗೆದುಕೊಳ್ಳುವುದು.

ನಮ್ಮ ಚಿನ್ನದ ಗಣಿಯೂ ಈ ಸುತ್ತನ್ನು ಕಂಡದ್ದೇ. ಕೊಳ್ಳುವವರಿಲ್ಲದೆ ಶಿವನಸಮುದ್ರದಲ್ಲಿ ವಿದ್ಯುತ್ ಕೇಂದ್ರ ಕಟ್ಟಲಾಗದು. ಕರೆಂಟು ಬಾರದೆ ಗಣಿಯವರು ಉಗಿಯಂತ್ರ ಬಿಡಲಾಗದು. ಕರೆಂಟು ಹುಟ್ಟುವ ಮೊದಲೇ ಗಣಿ ಕಂಪನಿಗಳು ಕೊಳ್ಳುತ್ತೇವೆಂದು ಕರಾರು ಬರೆದುಕೊಟ್ಟವು. 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕಾವೇರಿಯ ಕರೆಂಟು ಇಲ್ಲಿಗೆ ಬಂತು.

2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಗಣಿಯಲ್ಲಿ ದುಡಿದ ಗಂಡನನ್ನು ಕಳೆದುಕೊಂಡ ನಮ್ಮ ಪಕ್ಕದ ಮನೆಯಾಕೆ ರೇಷನ್ ಕಾರ್ಡಿಗೆ ಅಲೆದರು. ಒಂದು ಕಛೇರಿ ವಿಳಾಸದ ಪತ್ರ ಕೇಳಿತು. ಪತ್ರ ಕೊಡುವ ಕಛೇರಿ ಕಾರ್ಡು ಕೇಳಿತು. ಜೊತೆಗೆ ನಾನೂ ಮೂರು ತಿಂಗಳು ಮೆಟ್ಟಿಲು ಹತ್ತಿದೆ. ಕೊನೆಗೊಬ್ಬ ವಯಸ್ಸಾದ ಗುಮಾಸ್ತರು ರಿಜಿಸ್ಟರಿನಲ್ಲಿ ಆಕೆಯ ಹೆಸರು ಬರೆದು, ಮುಂದೆ ‘ಪತ್ರ ಬಾಕಿ’ ಎಂದು ಸೇರಿಸಿ, “ಈ ಚೀಟಿ ತೋರಿಸಮ್ಮ” ಎಂದರು. ಚೀಟಿಗೆ ಅಕ್ಕಿ ಸಿಗಲಿಲ್ಲ ನಿಜ. ಆದರೆ ಅದನ್ನು ನೋಡಿ ಅವರು ಪತ್ರ ಕೊಟ್ಟರು, ಪತ್ರ ನೋಡಿ ಇವರು ಕಾರ್ಡು ಕೊಟ್ಟರು.

ಯಂತ್ರಕ್ಕೆ ಕರುಣೆಯಿಲ್ಲ ಎನ್ನುತ್ತಾರೆ. ಇರಬಹುದು. ಬಾಗಿಲಿಗೆ ಬಂದವರ ಹೆಸರನ್ನು ಮೊದಲು ಬರೆದುಕೊಳ್ಳುವಷ್ಟು ಸೌಜನ್ಯವಂತೂ ಅದಕ್ಕಿದೆ.