ಬೆಂಕಿ ಹೊರಗ, ಬಿಸಿ ಒಳಗ

ಕಲಬುರಗಿ ಜಿಲ್ಲೆಯಲ್ಲಿ ಮನೆ ಬೆಚ್ಚಗಿಡಲು ಒಲೆ ಕೊಳ್ಳಬೇಕು ಅಂದರೆ ಕೇಳಿದವರು ನಗುತ್ತಾರೆ. ನಮ್ಮ ಚಿಂತೆ ಏನಿದ್ದರೂ ಬಿಸಿಲಿನದು. ಡಿಸೆಂಬರ್, ಜನವರಿಯ ಚಳಿಗೆ ಒಂದು ಕೌದಿ ಮತ್ತು ಬೆಳಗಿನ ಜಾವ ಅಂಗಳದಲ್ಲಿ ತೊಗರಿ ಕಟ್ಟಿಗೆಯ ಬೆಂಕಿ ಇದ್ದರೆ ಸಾಕು. ಒಂದು ಕೋಣೆಗೆ ಮಾತ್ರ ಬೆಂಕಿ ಬೇಕೇ ಬೇಕು. ಅದು ಬಾಣಂತಿ ಕೋಣೆ.

ನೀರು ಎರೆದ ಮೇಲೆ ಬಾಣಂತಿಯನ್ನು ಹೊರಸಿನ ಮೇಲೆ ಮಲಗಿಸಿ, ಕೆಳಗೆ ಇದ್ದಲಿ ಕೆಂಡದ ಸಿಗಡಿ ಇಡುತ್ತಾರೆ. ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಬೀಳುತ್ತದೆ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಎಷ್ಟೋ ಅಡುಗೆ ಮನೆಗಳಿಗೆ ಸಿಲಿಂಡರ್ ಬಂತು. ಆದರೂ ಈ ಕೋಣೆಯಿಂದ ಇದ್ದಲಿ ಹೋಗಲಿಲ್ಲ. ಗ್ಯಾಸ್ ಒಲೆಯನ್ನು ಹೊರಸಿನ ಬುಡಕ್ಕೆ ಇಡಲು ಬರುವುದಿಲ್ಲವಲ್ಲ!

ಅಕ್ಕ ಚೊಚ್ಚಲ ಹೆರಿಗೆಗೆ ಅಫಜಲಪುರ ತಾಲ್ಲೂಕಿನ ಗಂಡನ ಮನೆಯಿಂದ ಆಳಂದ ತಾಲ್ಲೂಕಿನ ನಮ್ಮ ಊರಿಗೆ ಬಂದಾಗ ಅವ್ವ ಬರೆಸಿದ ಸಾಮಾನಿನ ಚೀಟಿಯಲ್ಲಿ ಅಳವಿ, ಒಣಕೊಬ್ಬರಿ, ಅಂಟಿನ ಜೊತೆ ಸಿಗಡಿಯೂ ಇತ್ತು. "ಹಳೇದೇ ತಗೊಂಡ್ ಬಾ. ಹೊಸಾವು ತಗಡು ಭಾಳ ತೆಳ್ಳಗಿರ್ತಾವ" ಎಂದಳು.

ಆಳಂದದ ಗುಜರಿ ಅಂಗಡಿಯಲ್ಲಿ ಮೂರು ಸಿಗಡಿ ಇದ್ದವು. ಒಂದರ ಒಳಗಿನ ಮಣ್ಣಿನ ಮೆತ್ತಿಗೆ ಬಿರುಕು ಬಿಟ್ಟಿತ್ತು. ಅಲ್ಲಿಂದ ತಗಡು ಕೆಂಪಗೆ ಕಾದು, ತಾಗಿದವರಿಗೆ ಬರೆ ಬೀಳುತ್ತದೆ. ಇನ್ನೊಂದರ ಜಾಳಿಗೆ ಸವೆದು, ಸಣ್ಣ ಕೆಂಡ ಬೂದಿಯೊಳಗೆ ಬೀಳುವಂತಿತ್ತು. ಮೂರನೆಯದು ಗಟ್ಟಿ: ದಪ್ಪ ತಗಡು, ಬೀಡಿನ ಜಾಳಿಗೆ, ಅಲುಗಾಡದ ಮೂರು ಕಾಲು. ಅಂಗಡಿಯ ಕಾಕಾ, "ಇದ್ರಾಗ ಒಮ್ಮಿ ಕೆಂಡ ಮಾಡಿದ್ರ ರಾತ್ರಿ ಪೂರ್ತಿ ಹಿಡಿತದ ತಮ್ಮಾ" ಎಂದರು. ಆ ಮಾತೇ ನನ್ನನ್ನು ತಡೆಯಿತು. ರಾತ್ರಿ ಪೂರ್ತಿ ಹಿಡಿಯುವ ಕೆಂಡ ರಾತ್ರಿ ಪೂರ್ತಿ ಏನನ್ನು ಬಿಡುತ್ತಿರುತ್ತದೆ ಎಂಬುದನ್ನು ಅದರ ಹಿಂದಿನ ಚಳಿಗಾಲ ಜೇವರ್ಗಿ ತಾಲ್ಲೂಕಿನ ಸೋದರತ್ತೆಯ ಮನೆಯಲ್ಲಿ ಕಂಡಿದ್ದೆ.

ಅತ್ತೆಯ ಸೊಸೆ ಆಗ ಹದಿನೈದು ದಿನದ ಬಾಣಂತಿ. ಹೊಸ ಸ್ಲ್ಯಾಬಿನ ಕೋಣೆ. ಕಿಟಕಿ ಭದ್ರ, ಬಾಗಿಲ ಸಂದಿಗೆ ಹಳೆ ಸೀರೆ ತುರುಕಿತ್ತು. ನಡುರಾತ್ರಿ ಕೂಸು ಅತ್ತಿತು, ತಾಯಿ ಏಳಲಿಲ್ಲ. ಅತ್ತೆ ಬಾಗಿಲು ತೆಗೆದು ನೋಡಿದರೆ ಸೊಸೆಗೆ ವಾಂತಿ, ತಲೆ ಸಿಡಿತ, ಎದ್ದು ನಿಲ್ಲಲು ಕಾಲಿಲ್ಲ. ಪಡಸಾಲೆಗೆ ತಂದು ಮಲಗಿಸಿದ ಮೇಲೆ ನಿಧಾನಕ್ಕೆ ಚೇತರಿಸಿಕೊಂಡಳು. ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ, ಅದೇ ಸಿಗಡಿಯ ಕೆಂಡಕ್ಕೆ ಹಾಕಿದರು.

ನಮ್ಮ ಹಿರಿಯರು ಹಸಿ ಹೊಗೆಯನ್ನು ಒಳಗೆ ಬಿಡುವುದಿಲ್ಲ. ಹೊರಗೆ ಇದ್ದಲಿ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಪಗೆ ಕೆಂಡವಾದ ಮೇಲೆಯೇ ಸಿಗಡಿ ತರುತ್ತಾರೆ. ಕಣ್ಣುರಿ, ಕೆಮ್ಮು ಇದರಿಂದ ತಪ್ಪುತ್ತದೆ. ಆದರೆ ಕೆಂಡ ಉರಿಯುವಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ತಪ್ಪುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿ ಸಾಲದ ಕೋಣೆಯಲ್ಲಿ ಇನ್ನೂ ಹೆಚ್ಚಾಗಿ ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅಂಟಿಕೊಂಡು, ಉಸಿರಾಡುತ್ತಿದ್ದರೂ ಮೈಗೆ ಉಸಿರು ಸಿಗದಂತೆ ಮಾಡುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು. ಆಮೇಲೆ ಎಚ್ಚರ ತಪ್ಪುತ್ತದೆ. ಹಡೆದು ನಿದ್ದೆಗೆಟ್ಟ ಹೆಣ್ಣುಮಗಳಲ್ಲಿ ಇವನ್ನೆಲ್ಲ ಯಾರು ಗುರುತಿಸುತ್ತಾರೆ? "ಬಾಣಂತಿ, ಸುಸ್ತಿರ್ತದ, ಮಲಗಲಿ ಬಿಡ್ರಿ" ಎಂದು ಬಾಗಿಲು ಎಳೆದುಕೊಳ್ಳುತ್ತೇವೆ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ಗೆ ಪ್ರವಾಸ ಹೋಗಿದ್ದ ಕೇರಳದ ಎಂಟು ಮಂದಿ, ಅವರಲ್ಲಿ ನಾಲ್ವರು ಮಕ್ಕಳು, ಹೋಟೆಲ್ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ ಮಲಗಿ ಏಳಲೇ ಇಲ್ಲ. ಇಂಧನ ಬೇರೆ ಇರಬಹುದು, ಮುಚ್ಚಿದ ಕೋಣೆಯ ಲೆಕ್ಕ ಒಂದೇ.

ಹಾಗಾದರೆ ನಮ್ಮ ಆಯಿ, ಅವರ ಅವ್ವ ಹೇಗೆ ಬದುಕಿದರು? ಊರಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು. ಕೇಳಬೇಕಾದ ಪ್ರಶ್ನೆಯೂ ಹೌದು. ಇದನ್ನು ಮೂಢನಂಬಿಕೆ ಎಂದು ಒಂದು ಸಾಲಿನಲ್ಲಿ ಬರೆದು ಮುಗಿಸಿದರೆ ಉತ್ತರ ಸಿಗುವುದಿಲ್ಲ. ಅವರು ಹಡೆದದ್ದು ಕಲ್ಲುಗೋಡೆಯ, ಮಣ್ಣಿನ ಮಾಳಿಗೆ ಮನೆಗಳಲ್ಲಿ. ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು. ಬಾಗಿಲ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದಿ ಇತ್ತು. ಬಿಸಿ ಗಾಳಿ ಮೇಲೇರಿ ಹೊರಗೆ ಹೋಗುತ್ತಿತ್ತು, ಸಂದಿಯಿಂದ ಹೊಸ ಗಾಳಿ ಬರುತ್ತಿತ್ತು. ಅಲ್ಲಿಯೂ ಅಪಾಯ ಇರಲೇ ಇಲ್ಲ ಎನ್ನಲಾಗದು. ಆದರೆ ಆ ಮನೆ ಉಸಿರಾಡುತ್ತಿತ್ತು.

2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿದಂಡೆಯ ಊರುಗಳಲ್ಲಿ ಮಣ್ಣಿನ ಮನೆಗಳು ಕುಸಿದವು. ಅತ್ತೆಯ ಮನೆಯೂ ಹೋಯಿತು. ಆ ಜಾಗದಲ್ಲಿ ಕಟ್ಟಿದ್ದು ಸ್ಲ್ಯಾಬಿನ ಮನೆ. ಮಳೆಗೆ ಭದ್ರ, ಹಾವು ಚೇಳಿನ ಕಾಟವಿಲ್ಲ. ಬೆಳಕಿಂಡಿಯೂ ಇಲ್ಲ. ಮನೆ ಬದಲಾಯಿತು, ಸಿಗಡಿ ಬದಲಾಗಲಿಲ್ಲ.

ಈ ಮಾತನ್ನು ಆಯಿಗೆ ಹೇಗೆ ಹೇಳುವುದು? "ನಾ ಆರು ಹಡದೀನಿ. ಆರಕ್ಕೂ ಬುಡಕ ಕೆಂಡ ಇಟಗೊಂಡೇ ಮಲಗೀನಿ. ಬಾಣಂತಿಗಿ ಗಾಳಿ ಬಡದ್ರ ಜನ್ಮ ಪೂರ್ತಿ ಸೊಂಟ ನೋವ್ತದ" ಎನ್ನುವವಳು ಅವಳು. ಹಿಮೋಗ್ಲೋಬಿನ್ ಸುದ್ದಿ ಎತ್ತಲಿಲ್ಲ. ಅಕ್ಕನಿಗೆಂದು ತೆರವು ಮಾಡಿದ್ದ ಕೋಣೆಗೆ ಕರೆದೊಯ್ದು, "ಆಯಿ, ಈ ಖೋಲ್ಯಾಗ ಬೆಳಕಿಂಡಿ ಎಲ್ಲದ?" ಎಂದೆ. ಮೇಲೆ ನೋಡಿದಳು. ಸೀಲಿಂಗ್ ಫ್ಯಾನ್ ಬಿಟ್ಟರೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗಾಕ ಹಾದಿ ಇಲ್ಲಂದ್ರ ಬೆಂಕಿನ್ಯಾಕ ಒಳಗ ಕರೀಬೇಕು?" ಎಂದಳು.

ಮರುದಿನ ಗುಜರಿಗೆ ಹೋಗಿ ಸಿಗಡಿ ಬಿಟ್ಟು ಹಳೆಯ ತಾಮ್ರದ ಬಂಬ ಆರಿಸಿದೆ. ಅದೂ ಇದ್ದಲಿ ಒಲೆಯೇ: ನಡುವಿನ ಕೊಳವೆಯಲ್ಲಿ ಕೆಂಡ, ಸುತ್ತ ನೀರು. ಹಳೆ ಬಂಬ ಕೊಳ್ಳುವವರು ಮೊದಲು ನೀರು ತುಂಬಿಸಿ, ಒಣ ಕಲ್ಲಿನ ಮೇಲೆ ಅರ್ಧ ತಾಸು ಇಟ್ಟು ನೋಡಬೇಕು. ಬೆಸುಗೆ ಸೋರಿದರೆ ಕಲ್ಲೇ ಹೇಳುತ್ತದೆ. ಒಳಗಿನ ಕೊಳವೆಯನ್ನು ಬೆರಳಿನಿಂದ ತಟ್ಟಬೇಕು. ಮೊದಲು ತೆಳ್ಳಗಾಗುವುದು ಅದೇ. ತಳದ ಜಾಳಿಗೆ ಮತ್ತು ನಳ ಬೇರೆ ಹಾಕಿಸಬಹುದು, ಕೊಳವೆ ತೂತಾದರೆ ಅದು ಬರೀ ತೂಕದ ತಾಮ್ರ.

ಅದನ್ನು ಬಚ್ಚಲಿನೊಳಗೆ ಇಡಲಿಲ್ಲ. ಬಚ್ಚಲೂ ಮುಚ್ಚಿದ ಕೋಣೆಯೇ. ಹಿತ್ತಲಲ್ಲಿ, ಅಕ್ಕನ ಕಿಟಕಿಯಿಂದ ದೂರ, ಮೂರು ಕಡೆ ತೆರೆದ ತಗಡಿನ ಚಪ್ಪರದ ಕೆಳಗೆ ಶಹಾಬಾದ್ ಕಲ್ಲು ಹಾಸಿ ಕೂರಿಸಿದೆವು. ಜಾಲಿ ಇದ್ದಲಿ, ತೊಗರಿ ಕಟ್ಟಿಗೆ ಎರಡೂ ನಡೆಯುತ್ತಿದ್ದವು. ಎರೆಯುವುದಕ್ಕೆ ನೀರು ಅದರಿಂದಲೇ. ಬಿಸಿನೀರು ತುಂಬಿದ ರಬ್ಬರ್ ಚೀಲಗಳನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಅಕ್ಕನ ಸೊಂಟಕ್ಕೆ, ಪಾದಕ್ಕೆ ಇಡುತ್ತಿದ್ದೆವು. ಕೂಸಿನ ಹತ್ತಿರ ಚೀಲ ಇಡುವಂತಿರಲಿಲ್ಲ, ಎಳೆ ಚರ್ಮ ಸುಡುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28, 42ನೇ ದಿನಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದು ನೋಡಬೇಕು. ನಮ್ಮ ಊರಿನವರು ಬಂದು ಕೂಸಿನ ಜ್ವರ ಅಳೆದು, ಟೊಪ್ಪಿಗೆ ಹಾಕಿ, ತಾಯಿಯ ಬರಿ ಎದೆಗೆ ಒರಗಿಸಿ, ಮೇಲೆ ಕೌದಿ ಹೊದಿಸಿ ತೋರಿಸಿದರು. "ಕೂಸಿಗಿ ತಾಯಿ ಮೈಗಿಂತ ಛಲೋ ಸಿಗಡಿ ಯಾವುದದ ಆಯಿ?" ಎಂದಾಗ ಆಯಿ ಎದುರಾಡಲಿಲ್ಲ.

ಆಯಿಯ ಮಾತೂ ಉಳಿಯಿತು. ಒಳಗೆ ಬೆಂಕಿಯೇ ಇಲ್ಲದ ಮೇಲೆ ಕಿಟಕಿ, ಬಾಗಿಲು ಮುಚ್ಚಿಕೊಳ್ಳಲು ಭಯವಿಲ್ಲ. ಬಾಣಂತಿಗೆ ಗಾಳಿಯೂ ಬಡಿಯಲಿಲ್ಲ. ಲೋಬಾನ ಮಾತ್ರ ಬಿಡಲಿಲ್ಲ. ಅಕ್ಕ ಪಡಸಾಲೆಯಲ್ಲಿ ಕೂತು ಕೂದಲು ಆರಿಸಿಕೊಳ್ಳುವಾಗ, ಕೂಸು ಒಳಗೆ ಅವ್ವನ ತೊಡೆಯ ಮೇಲಿರುವಾಗ, ಚಿಪ್ಪಿನಲ್ಲಿ ನಾಲ್ಕು ಕೆಂಡ ತಂದು ಪರಿಮಳ ತೋರಿಸಿ ಒಯ್ಯುತ್ತಿದ್ದಳು.

ಈ ಚಳಿಗಾಲ ನಿಮ್ಮ ಮನೆಯಲ್ಲೂ ಸಿಗಡಿ ಇಳಿಸುವ ಮಾತು ಬಂದರೆ, ತಗಡು ಜಾಳಿಗೆ ನೋಡುವ ಮೊದಲು ಕೋಣೆಯ ಮಾಡು ನೋಡಿ. ಕಿಟಕಿ ನಾಲ್ಕು ಬೆರಳು ತೆಗೆದಿಟ್ಟರೆ ಸಾಕು ಎಂದು ನಂಬಬೇಡಿ. ಹೊಗೆ ಕೊಳವೆ ಇಲ್ಲದ ಕೆಂಡದ ಜೊತೆ ಯಾರೂ ಮಲಗಬಾರದು. ಅಕ್ಕ ಮಗನನ್ನು ಎತ್ತಿಕೊಂಡು ಅಫಜಲಪುರಕ್ಕೆ ಹೋದಳು. ಬಂಬ ಈಗ ಹಿತ್ತಲಲ್ಲಿ ಬೋರಲು ಹಾಕಿದೆ. ಜೇವರ್ಗಿಯ ಸೊಸೆಗೆ ಮತ್ತೆ ತಿಂಗಳು ತುಂಬುತ್ತಿವೆ. ಅತ್ತೆ ಫೋನ್ ಮಾಡಿ ಅದನ್ನು ಕೇಳಿದ್ದಾಳೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ಕಳಿಸಬೇಕು.